ಮುಚ್ಚಿದ ಅಂಗಡಿಯ ಫೋನು

"ಸ್ಕೇಟ್‌ಬೋರ್ಡಾ? ಇಲ್ಲಿ ನಾಯಿ ತೊಳೀತಾರಮ್ಮ," ಎಂದಳು ಆ ಹೆಂಗಸು.

ಅವಳ ಮೊಣಕೈವರೆಗೂ ನೊರೆ. ಮುಂದಿದ್ದ ತೊಟ್ಟಿಯಲ್ಲಿ ಒಂದು ನೊರೆಯ ಗುಡ್ಡೆ. ಆ ಗುಡ್ಡೆಗೆ ಎರಡು ಕಪ್ಪು ಕಣ್ಣುಗಳಿವೆ, ಅವು ತನ್ನನ್ನೇ ನೋಡುತ್ತಿವೆ ಎಂಬುದು ಇನೆಸ್ ಬರಾಗಾನ್‌ಗೆ ಸ್ವಲ್ಪ ತಡವಾಗಿ ಹೊಳೆಯಿತು.

ಅವಳು ಕೈಯಲ್ಲಿದ್ದ ವರದಿಯ ಹಾಳೆಯನ್ನು ಮತ್ತೊಮ್ಮೆ ನೋಡಿದಳು. ವಿಳಾಸ ಸರಿಯಾಗಿಯೇ ಇತ್ತು. ಹಾರ್ಬರ್ ಬೀದಿ, ನಾನೂರ ಹದಿನೆಂಟು, ಸನ್‌ಡೌನ್ ಬೋರ್ಡ್ಸ್. ಹೋದ ವರ್ಷ ಮಾರಿದ್ದು ಮುನ್ನೂರ ನಲವತ್ತು ಬೋರ್ಡು. ಈ ವರ್ಷ ಹನ್ನೊಂದು.

"ಇಲ್ಲಿ ಮೊದಲು ಬೋರ್ಡಿನ ಅಂಗಡಿ ಇತ್ತಾ?"

"ಇತ್ತಂತೆ. ಅವರು ಬಾಗಿಲು ಹಾಕ್ಕೊಂಡು ಹೋದಮೇಲೇ ನಾನು ಬಂದಿದ್ದು. ಆರು ವರ್ಷ ಆಯ್ತು."

"ಆದ್ರೆ ಹೋದ ವರ್ಷ ಇಲ್ಲಿ ಮುನ್ನೂರ ನಲವತ್ತು ಬೋರ್ಡು ಮಾರಾಟ ಆಗಿದೆ ಅಂತ ಬರೆದಿದೆಯಲ್ಲ?"

"ಹಾಗಾದ್ರೆ ಈ ನಾಯಿಗಳೇ ಮಾರಿರಬೇಕು. ನನಗೊಂದು ಮಾತೂ ಹೇಳಿಲ್ಲ ನೋಡಿ, ಕಳ್ಳರು!"

ನೊರೆಯ ಗುಡ್ಡೆ ಒಮ್ಮೆ ಮೈ ಕೊಡವಿತು. ವರದಿ ತೊಯ್ದಿತು, ಇನೆಸ್‌ಳ ಕನ್ನಡಕ ತೊಯ್ದಿತು. ಬಾಗಿಲ ಬಳಿ ನಿಂತಿದ್ದ ಡಾರ್ಸಿ ಕೆಯಲೋಹಾ ಹೊಟ್ಟೆ ಹಿಡಿದುಕೊಂಡು ನಕ್ಕ.

ಡಾರ್ಸಿಗೆ ಅರವತ್ತೆಂಟು. ಹವಾಯಿಯಿಂದ ಅಲೆ ಸವಾರಿಗೆಂದು ಬಂದು, ಈ ಸಾಂತಾ ರೆನಾಟಾದಲ್ಲಿ ನಿಂತುಬಿಟ್ಟ ಮನುಷ್ಯ. ಮೇಪಲ್ ಮರದ ಏಳು ತೆಳುಹಾಳೆಗೆ ಅಂಟು ಬಳಿದು, ಯಂತ್ರದಲ್ಲಿ ಒತ್ತಿ, ಬೋರ್ಡು ಮಾಡುವುದು ಅವನ ನಲವತ್ತು ವರ್ಷದ ಕಸುಬು. ಇನೆಸ್‌ಳನ್ನು ಈ ಕೆಲಸಕ್ಕೆ ಹಚ್ಚಿದವನೂ ಅವನೇ. ಗುರುವಾರ ಪುರಸಭೆ ಮತ ಹಾಕಲಿತ್ತು: ಊರಿನ ಹಳೆಯ, ಖಾಲಿ ಈಜುಕೊಳದಂಥ ಕಾಂಕ್ರೀಟ್ ಬಟ್ಟಲಿಗೆ, ಮೂರು ತಲೆಮಾರು ಬೋರ್ಡು ಓಡಿಸಲು ಕಲಿತ ಆ ಬಟ್ಟಲಿಗೆ, ಮಣ್ಣು ತುಂಬಿ ಮೇಲೆ ಪಿಕಲ್‌ಬಾಲ್ ಎಂಬ ಟೆನಿಸ್‌ನಂಥ ಆಟಕ್ಕೆ ಅಂಕಣ ಕಟ್ಟಬೇಕೋ ಬೇಡವೋ ಎಂದು. ಬೋರ್ಡು ಓಡಿಸುವವರೇ ಇಲ್ಲವಲ್ಲ ಎನ್ನಲು ಪುರಸಭೆಯ ಬಳಿ ಇದ್ದ ಒಂದೇ ಆಧಾರ ಈ ವರದಿ. ಜಿಲ್ಲೆಯಲ್ಲಿ ಬೋರ್ಡು ಮಾರಾಟ ನೂರಕ್ಕೆ ಅರವತ್ತೊಂದರಷ್ಟು ಕುಸಿದಿದೆ ಎಂದು ಅದು ಹೇಳುತ್ತಿತ್ತು.

"ಇದು ನಾಲ್ಕನೇದು," ಎಂದಳು ಇನೆಸ್, ಹೊರಗೆ ಬಿಸಿಲಿಗೆ ಬಂದು ಕನ್ನಡಕ ಒರೆಸಿಕೊಳ್ಳುತ್ತ. "ಒಂದು ಕಡೆ ಹಲ್ಲಿನ ಡಾಕ್ಟರು. ಒಂದು ಕಡೆ ಹಣ್ಣಿನ ರಸ. ಒಂದು ಕಡೆ ಖಾಲಿ ನಿವೇಶನ. ಈಗ ಇಲ್ಲಿ ನಾಯಿಸ್ನಾನ. ನಾಲ್ಕೂ ಬೋರ್ಡು ಮಾರ್ತಿವೆ, ವರದಿ ಪ್ರಕಾರ."

"ಖಾಲಿ ಸೈಟು ಎಷ್ಟು ಮಾರಿತ್ತು?"

"ಹೋದ ವರ್ಷ ನಾನೂರ ಹತ್ತು."

"ಅಬ್ಬಾ! ಅದಕ್ಕೆ ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ. ನಾನೂ ಅಂಗಡಿ ಇಡೋದಾದ್ರೆ ಹಾಗೇ ಇಡ್ಬೇಕು ಕಣೇ." ಡಾರ್ಸಿ ತನ್ನ ಹಳೆಯ ವ್ಯಾನಿನ ಬಾಗಿಲು ತೆಗೆದು, ಸೀಟಿನ ಮೇಲಿದ್ದ ಮರದ ಪುಡಿ ಕೊಡವಿದ. "ಹತ್ತು, ಹುಡುಗಿ."

ಇನೆಸ್‌ಗೆ ಐವತ್ತಮೂರು. ಇಪ್ಪತ್ತು ವರ್ಷ ವಿಮಾ ಕಂಪನಿಗಳ ಪರವಾಗಿ ಸುಳ್ಳು ಅಪಘಾತಗಳನ್ನು ಹಿಡಿದವಳು, ಈಗ ಸ್ವಂತ ಪತ್ತೇದಾರಿ. ಅವಳನ್ನು ಹುಡುಗಿ ಎನ್ನುವವರು ಊರಲ್ಲಿ ಇನ್ಯಾರೂ ಉಳಿದಿರಲಿಲ್ಲ. ಅದಕ್ಕೇ ಏನೋ, ಈ ಮುದುಕನ ಜೊತೆ ತಿರುಗಿದ ನಾಲ್ಕು ದಿನವೂ ಅವಳಿಗೆ ಬೆಳಿಗ್ಗೆ ಏಳುವುದೇ ಒಂದು ಖುಷಿಯಾಗಿತ್ತು.

*

ಬೆಟಿನಾ ಅಗುವಾನ್‌ಳ ಅಂಗಡಿ ಮಾತ್ರ ನಿಜಕ್ಕೂ ಅಂಗಡಿಯೇ. ಗೋಡೆ ತುಂಬ ಬೋರ್ಡು, ಗಾಜಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಚಕ್ರ, ಮೂಲೆಯಲ್ಲಿ ಹರಿದ ಸೋಫಾ. ಬೆಟಿನಾ ಹಲ್ಲಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ಯಾರದೋ ಬೋರ್ಡಿಗೆ ಚಕ್ರ ಜೋಡಿಸುತ್ತಿದ್ದಳು.

"ನಿಮ್ಮದು ಹೋದ ವರ್ಷ ಎಂಬತ್ತು ಬೋರ್ಡು ಅಂತ ಇದೆ," ಎಂದಳು ಇನೆಸ್.

ಬೆಟಿನಾ ಸ್ಕ್ರೂಡ್ರೈವರ್ ಬಾಯಿಂದ ತೆಗೆದಳು. "ಶುದ್ಧ ಸುಳ್ಳು."

"ಯಾರು ಹೇಳಿದ ಸುಳ್ಳು?"

"ನಾನೇ ಹೇಳಿದ್ದು!"

ಡಾರ್ಸಿ ಸೋಫಾದಲ್ಲಿ ಕುಳಿತು ಮುಸುಬಿ ಅನ್ನದುಂಡೆಯ ಪೊಟ್ಟಣ ಬಿಚ್ಚುತ್ತಿದ್ದವನು ತಲೆಯೆತ್ತಿದ. ಬೆಟಿನಾಗೆ ಇಷ್ಟೂ ನಾಚಿಕೆಯಾಗಲಿಲ್ಲ.

"ಈ ವರದಿ ಬರೆಯೋನು ಲುಂಡೆ ಅಂತ ಒಬ್ಬ ಅಜ್ಜ. ಪ್ರತಿ ವರ್ಷ ಫೋನ್ ಮಾಡ್ತಾನೆ. ಎಷ್ಟು ಮಾರಿದ್ರಿ ಅಂತ ಕೇಳ್ತಾನೆ, ಪಾಪ, ಬಹಳ ಮರ್ಯಾದಸ್ಥ. ನಾನು ಬಾಯಿಗೆ ಬಂದಿದ್ದು ಹೇಳ್ತೀನಿ. ಜಾಸ್ತಿ ಹೇಳಿದ್ರೆ ಅಂಗಡಿ ಮಾಲೀಕ ಬಾಡಿಗೆ ಏರಿಸ್ತಾನೆ. ಅವನ ಹೆಂಡತಿ ಲುಂಡೆ ಜೊತೆ ಇಸ್ಪೀಟಾಡ್ತಾಳಲ್ಲ!"

"ನಿಜವಾಗಿ ಎಷ್ಟು ಮಾರಿದ್ರಿ?"

ಬೆಟಿನಾ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. "ನೂರಾ ಇಪ್ಪತ್ತೇಳು. ಈ ವರ್ಷ ಇನ್ನೂ ಜಾಸ್ತಿ. ಈಗ ಬರೋರು ಯಾರು ಗೊತ್ತಾ? ಮಕ್ಕಳನ್ನ ಕಾಲೇಜಿಗೆ ಕಳಿಸಿ ಆದ ಅಮ್ಮಂದಿರು. ಮೊಣಕಾಲಿಗೆ ಕವಚ ಹಾಕ್ಕೊಂಡು ಬರ್ತಾರೆ, ಇಳೀವಾಗ ಕಿರುಚ್ತಾರೆ, ಮತ್ತೆ ಬರ್ತಾರೆ. ಅವರನ್ನ ಲುಂಡೆ ಎಣಿಸ್ತಾನಾ?"

ವ್ಯಾನಿಗೆ ಮರಳಿದ ಮೇಲೆ ಇನೆಸ್ ಮುಸುಬಿ ಸುತ್ತಿದ್ದ ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆಯತೊಡಗಿದಳು. ವರದಿಯಲ್ಲಿದ್ದದ್ದು ಹದಿನಾಲ್ಕು ಅಂಗಡಿ. ಹೋದ ವರ್ಷ ಎಲ್ಲ ಸೇರಿ ಎರಡು ಸಾವಿರದ ನೂರೈವತ್ತು ಬೋರ್ಡು, ಈ ವರ್ಷ ಎಂಟುನೂರ ಮೂವತ್ತೆಂಟು. ಅವಳು ಇಲ್ಲದ ಆ ನಾಲ್ಕು ಅಂಗಡಿಗಳನ್ನು ಹೊಡೆದುಹಾಕಿದಳು. ಮತ್ತೆ ಕೂಡಿದಳು. ಮತ್ತೆ ಕಳೆದಳು.

"ಅಂಕಲ್, ವ್ಯಾನ್ ನಿಲ್ಲಿಸಿ."

"ಇನ್ನೂ ಹೊರಟೇ ಇಲ್ಲವಲ್ಲೇ."

"ಸರಿ, ಹಾಗಾದ್ರೆ ಕೇಳಿ. ಇಲ್ಲದಿರೋ ನಾಲ್ಕು ಅಂಗಡಿ ಹೋದ ವರ್ಷ ಸಾವಿರದ ಮುನ್ನೂರ ಹದಿನೈದು ಮಾರಿವೆ. ಈ ವರ್ಷ ನಲವತ್ತೆರಡು. ಕುಸಿತ ಎಲ್ಲಾ ಅಲ್ಲೇ ಇರೋದು. ಉಳಿದ ಹತ್ತು ಅಂಗಡಿ ತಗೊಂಡ್ರೆ ನೂರಕ್ಕೆ ಐದೂ ಇಳಿದಿಲ್ಲ. ಅದರಲ್ಲೂ ಬೆಟಿನಾ ಥರದವರು ಕಮ್ಮಿ ಹೇಳಿದ್ದು ಬೇರೆ!"

ಡಾರ್ಸಿ ಸ್ಟಿಯರಿಂಗ್ ಮೇಲೆ ಎರಡೂ ಕೈಯಿಂದ ತಾಳ ಹಾಕಿದ. "ನಾನು ಹೇಳಲಿಲ್ವಾ? ನನ್ನ ಯಂತ್ರಕ್ಕೆ ಭಾನುವಾರವೂ ಬಿಡುವಿಲ್ಲ, ಇವರು ಕುಸಿತ ಕುಸಿತ ಅಂತಾರೆ! ಇದು ಆ ಪ್ರೆಸ್ಕಾಟ್ ವೇನ್‌ನ ಕೆಲಸ. ಉಪ್ಪಿನಕಾಯಿ ಆಟದ ಗುತ್ತಿಗೆ ಹಿಡಿದವನು ಅವನೇ ತಾನೆ? ಲುಂಡೆಗೆ ಏನೋ ತಿನ್ನಿಸಿದ್ದಾನೆ."

"ಲುಂಡೆನೇ ಕೇಳೋಣ ನಡೀರಿ."

*

ಥಡಿಯಸ್ ಲುಂಡೆಯ ಕಚೇರಿ ಎಂದರೆ ಅವನ ಮನೆಯ ಮಹಡಿಯ ಬಿಸಿಲು ಮಾಳಿಗೆ. ಎಪ್ಪತ್ತೇಳು ವರ್ಷದ ಮುದುಕ, ಈ ಸೆಖೆಯಲ್ಲೂ ಮೈಮೇಲೆ ಉಣ್ಣೆಯ ಅಂಗಿ, ಕಿವಿಯಲ್ಲಿ ಯಂತ್ರ. ಬಂದವರು ಯಾರು ಎಂದು ಕೇಳುವ ಮೊದಲೇ ಎರಡು ಲೋಟ ನಿಂಬೆ ಪಾನಕ ತಂದಿಟ್ಟ.

"ನೀವು ಜಿಲ್ಲೆಯ ಮಾರಾಟದ ಅಂಕಿ ಹೇಗೆ ತೆಗೀತೀರಿ, ಸರ್?" ಇನೆಸ್ ಕೇಳಿದಳು.

"ಬಹಳ ಶಾಸ್ತ್ರೀಯವಾಗಿ," ಎಂದ ಲುಂಡೆ, ಸಂತೋಷದಿಂದ. ಬಹುಶಃ ಯಾರೂ ಇದುವರೆಗೆ ಕೇಳಿರಲಿಲ್ಲ. "ಹದಿನಾಲ್ಕು ಅಂಗಡಿ ಕೂಡಿಸ್ತೀನಿ, ಮೂವತ್ತೊಂದರಿಂದ ಗುಣಿಸ್ತೀನಿ."

"ಮೂವತ್ತೊಂದು ಯಾಕೆ?"

"ಶುರು ಮಾಡಿದಾಗ ಮೂವತ್ತು ಇತ್ತು. ಆಮೇಲೆ ಜನಸಂಖ್ಯೆ ಏರಿತಲ್ಲ?"

ಡಾರ್ಸಿ ಪಾನಕ ನೆತ್ತಿಗೇರಿ ಕೆಮ್ಮಿದ. "ಮೊಬೈಲಲ್ಲಿ ತರಿಸ್ಕೊಳ್ಳೋರು? ನನ್ನ ಹತ್ರ ಬಂದು ನೇರವಾಗಿ ಒಯ್ಯೋರು?"

"ಅವರು ನನ್ನ ಪಟ್ಟಿಯಲ್ಲಿಲ್ಲ. ಆದರೆ ಬಿಡಿ ಚಕ್ರ ಮಾರಿದ್ದನ್ನೂ ಬಿಡೋದಿಲ್ಲ ನಾನು. ನಾಲ್ಕು ಚಕ್ರ ಮಾರಿದ್ರೆ ಒಂದು ಬೋರ್ಡು ಅಂತ ಹಿಡೀತೀನಿ."

"ಅಯ್ಯೋ ಪುಣ್ಯಾತ್ಮ! ನಾಲ್ಕು ಟೈರ್ ಮಾರಿದ್ರೆ ಒಂದು ಕಾರು ಅಂತೀರಾ?"

ಲುಂಡೆ ಗಂಭೀರವಾಗಿ ಯೋಚಿಸಿದ. "ಕಾರು ನನ್ನ ಕ್ಷೇತ್ರ ಅಲ್ಲ."

ಇನೆಸ್ ನಗು ತಡೆದುಕೊಂಡಳು. ಇವನನ್ನು ಇಷ್ಟಪಡಬಾರದು ಎಂದುಕೊಂಡೇ ಬಂದಿದ್ದಳು; ಕಷ್ಟವಾಗುತ್ತಿತ್ತು. ಆದರೂ ತೊಯ್ದು ಒಣಗಿದ ವರದಿಯನ್ನು ಮೇಜಿನ ಮೇಲಿಟ್ಟು, ನಾಲ್ಕು ಹೆಸರುಗಳ ಮೇಲೆ ಬೆರಳಾಡಿಸಿದಳು.

"ಈ ನಾಲ್ಕು ಅಂಗಡಿ ಇಲ್ಲ ಸರ್. ನಾನು ಕಣ್ಣಾರೆ ನೋಡಿಬಂದೆ. ಮುಚ್ಚಿ ಐದಾರು ವರ್ಷ ಆಗಿದೆ. ಇವುಗಳ ಅಂಕಿ ನೀವೇ ಸೃಷ್ಟಿ ಮಾಡಿದ್ದು. ಯಾರು ಹೇಳಿದ್ರು ಹಾಗೆ ಮಾಡಿ ಅಂತ? ಪ್ರೆಸ್ಕಾಟ್ ವೇನಾ?"

ಲುಂಡೆಯ ಮುಖ ಕೆಂಪಾಯಿತು. ಅವನು ಎದ್ದು ನಿಂತ.

"ನನ್ನ ಗುಣಾಕಾರ ತಪ್ಪು ಅನ್ನಿ, ಒಪ್ಕೋತೀನಿ. ನನ್ನ ಪಟ್ಟಿ ಹಳೇದು ಅನ್ನಿ, ಅದನ್ನೂ ಒಪ್ಕೋತೀನಿ. ಆದರೆ ಮೂವತ್ತಮೂರು ವರ್ಷದಲ್ಲಿ ಒಂದೇ ಒಂದು ಅಂಕಿಯನ್ನ ನಾನಾಗಿ ಬರೆದಿಲ್ಲ, ಮೇಡಂ!"

"ಇಲ್ಲದ ಅಂಗಡಿ ಹೇಗೆ ಲೆಕ್ಕ ಕೊಡ್ತು ಹಾಗಾದ್ರೆ? ದೆವ್ವ ಬಂದು ಹೇಳ್ತಾ?" ಡಾರ್ಸಿ ಕೆಣಕಿದ.

ಲುಂಡೆ ಕಪಾಟಿನಿಂದ ಹಸಿರು ರಟ್ಟಿನ ಪುಸ್ತಕ ತೆಗೆದು ಮೇಜಿನ ಮೇಲೆ ಬಡಿದಂತೆ ಇಟ್ಟ.

ಇನೆಸ್ ಪುಟ ತಿರುವಿದಳು. ಪ್ರತಿ ಕರೆಗೂ ತಾರೀಖು, ಗಂಟೆ, ಎಷ್ಟು ನಿಮಿಷ ಮಾತು, ಏನು ಹೇಳಿದರು. ಮುತ್ತು ಪೋಣಿಸಿದಂಥ ಅಕ್ಷರ. ಸನ್‌ಡೌನ್ ಬೋರ್ಡ್ಸ್: ಮಾರ್ಚ್ ಒಂಬತ್ತು, ಬೆಳಿಗ್ಗೆ ಹನ್ನೊಂದೂಕಾಲು, ನಾಲ್ಕು ನಿಮಿಷ. 'ಹನ್ನೊಂದು. ತುಂಬ ಬೇಜಾರಾಗಿದ್ದಾರೆ. ಸಮಾಧಾನ ಹೇಳಿದೆ.'

ಅವಳು ಹಿಂದಿನ ವರ್ಷಗಳ ಪುಟಗಳಿಗೆ ಹೋದಳು. ನಾಲ್ಕು ಅಂಗಡಿಗೂ ಪ್ರತಿ ವರ್ಷ ಕರೆ ಹೋಗಿತ್ತು. ಪ್ರತಿ ವರ್ಷವೂ ಯಾರೋ ಎತ್ತಿದ್ದರು. ಸನ್‌ಡೌನ್‌ನದು ನೂರ ಎಂಬತ್ತು, ಇನ್ನೂರ ಇಪ್ಪತ್ತು, ಇನ್ನೂರ ತೊಂಬತ್ತು, ಮುನ್ನೂರ ನಲವತ್ತು: ವರ್ಷದಿಂದ ವರ್ಷಕ್ಕೆ ಏರಿಕೆ. ಈ ವರ್ಷ ಒಂದೇ ಸಲಕ್ಕೆ ಪಾತಾಳ.

"ಅಂದ್ರೆ ಎಲ್ಲರೂ ಫೋನ್ ಎತ್ತಿದ್ರು," ಎಂದಳು ಇನೆಸ್ ಮೆಲ್ಲನೆ.

"ಎತ್ತದೆ? ಆ ನಾಲ್ಕು ಅಂಗಡಿಯವರಂತೂ ಮೊದಲನೇ ರಿಂಗಿಗೇ ಎತ್ತುತ್ತಾರೆ. ಹೆಂಗಸರು. ಬಹಳ ಒಳ್ಳೆಯವರು, ನನ್ನ ಮಂಡಿನೋವು ಹೇಗಿದೆ ಅಂತ ಕೇಳ್ತಾರೆ."

"ನಾಲ್ಕು ಕಡೆನೂ ಒಂದೇ ದನಿಯಾ?"

ಲುಂಡೆ ಕಿವಿಯ ಯಂತ್ರ ತೆಗೆದು, ಅಂಗಿಗೆ ಒರೆಸಿ, ಮತ್ತೆ ಸಿಕ್ಕಿಸಿಕೊಂಡ. ಅವನ ಸಿಟ್ಟು ಇಳಿದಿತ್ತು. "ನನಗೆ ಎಲ್ಲರ ದನಿಯೂ ಒಂದೇ ಥರ ಕೇಳುತ್ತೆ ಮೇಡಂ. ನಿಮ್ಮದೂ."

ಮುಚ್ಚಿದ ಅಂಗಡಿಗಳ ಸಂಖ್ಯೆಗಳನ್ನು ಯಾರೋ ತಮ್ಮ ಫೋನಿಗೆ ತೆಗೆದುಕೊಂಡಿರಬೇಕು ಎಂದುಕೊಂಡು ಇನೆಸ್ ಮೊಬೈಲ್ ತೆಗೆದಳು. ಹಸಿರು ಪುಸ್ತಕದಲ್ಲಿದ್ದ ಸನ್‌ಡೌನ್ ಸಂಖ್ಯೆಯನ್ನು ಒಂದೊಂದಾಗಿ ಒತ್ತಿದಳು.

ಒಂದೇ ರಿಂಗು. ಎತ್ತಿದರು.

"ಸನ್‌ಡೌನ್ ಬೋರ್ಡ್ಸ್, ಹೇಳಿ?"

ಹೆಣ್ಣು ದನಿ. ನಗುನಗುತ್ತ ಮಾತಾಡುವವರ ದನಿ. ಇನೆಸ್ ಮಾತಾಡದೆ ಧ್ವನಿವರ್ಧಕ ಒತ್ತಿ ಮೊಬೈಲನ್ನು ಮೇಜಿನ ನಡುವೆ ಇಟ್ಟಳು. ಆ ಕಡೆಯವಳು ಮತ್ತೇನೂ ಹೇಳಲಿಲ್ಲ. ಆದರೆ ಅವಳ ಹಿಂದೆ ಏನೋ ಗದ್ದಲ, ಜನ, ಒಂದು ಕೇಕೆ, ಆಮೇಲೆ ಒರಟು ನೆಲದ ಮೇಲೆ ಚಕ್ರ ಉರುಳಿ ಬಂದು, ಕಟಕಟಕಟ ಎಂದು ಸಣ್ಣಗೆ ಹಲ್ಲು ಕಡಿದಂಥ ಸದ್ದು. ಕರೆ ಕಡಿಯಿತು.

ಡಾರ್ಸಿ ಕುರ್ಚಿಯಿಂದ ಅರ್ಧ ಎದ್ದಿದ್ದ.

"ಏನು ಅಂಕಲ್?"

"ಆ ಕಟಕಟ ಕೇಳ್ತಾ? ಬಟ್ಟಲಿನ ಆಳದ ಬದಿಯಲ್ಲಿ, ಅಂಚಿನ ಕೆಳಗೆ, ನೀಲಿ ಟೈಲ್ ಬಿಲ್ಲೆ ಕೂರಿಸಿದ್ದು ನಾನೇ ಕಣೇ. ನನ್ನ ಮಗಳು ಹುಟ್ಟಿದ ವರ್ಷ. ಚಕ್ರ ಅದರ ಮೇಲೆ ಹತ್ತಿದ್ರೆ ಹಾಗೇ ಕೂಗೋದು. ಜಗತ್ತಲ್ಲಿ ಇನ್ನೆಲ್ಲೂ ಆ ಸದ್ದಿಲ್ಲ." ಅವನು ವ್ಯಾನಿನ ಕೀಲಿಗೆ ಕೈ ಹಾಕಿದ. "ಅವಳು ವೇನ್‌ನ ಕಚೇರಿಯಲ್ಲಿಲ್ಲ. ನಮ್ಮ ಬಟ್ಟಲ ಹತ್ರ ಇದ್ದಾಳೆ. ಈಗ."

*

ಶನಿವಾರ ಮಧ್ಯಾಹ್ನದ ಬಟ್ಟಲೆಂದರೆ ಜಾತ್ರೆಗಿಂತ ಕಮ್ಮಿಯಿಲ್ಲ. ಅಂದು ನಲವತ್ತು ದಾಟಿದವರ ಆಟ. ದಂತವೈದ್ಯರು, ಟ್ರಕ್ ಓಡಿಸುವವರು, ಇಬ್ಬರು ಅಜ್ಜಿಯರು, ಬೋಳುತಲೆಗೆ ಸುಣ್ಣದಂತೆ ಬಿಸಿಲುಕ್ರೀಮು ಬಳಿದುಕೊಂಡ ಒಬ್ಬ ನ್ಯಾಯಾಧೀಶ. ಬಿದ್ದವರಿಗೆ ಗೆದ್ದವರಿಗಿಂತ ದೊಡ್ಡ ಚಪ್ಪಾಳೆ. ಇನ್ನೂರು ಜನಕ್ಕಂತೂ ಮೋಸವಿಲ್ಲ, ಬಹುತೇಕ ಎಲ್ಲರ ಕೈಯಲ್ಲೂ ಫೋನು.

ಇನೆಸ್ ಸುತ್ತ ನೋಡಿದಳು. ಬೋರ್ಡು ಕೊಳ್ಳುವವರೇ ಇಲ್ಲ ಎಂದ ಆ ವರದಿಯನ್ನು ಇಲ್ಲಿ ಓದಿ ಹೇಳಿದರೆ ಎಲ್ಲರೂ ಅದನ್ನೊಂದು ಹಾಸ್ಯವೆಂದು ಕೇಕೆ ಹಾಕಿಯಾರು ಅನ್ನಿಸಿತು. ವಿಚಿತ್ರವೆಂದರೆ, ಕಳ್ಳರನ್ನು ಹುಡುಕಲು ಬಂದಿದ್ದರೂ ಅವಳ ಅಂಗಾಲು ನವೆಯಾಡುತ್ತಿತ್ತು. ಹದಿನಾರರ ವಯಸ್ಸಿನಲ್ಲಿ ಇದೇ ಅಂಚಿನಿಂದ ಇಳಿದಿದ್ದಳು ಅವಳು.

"ಅಂಕಲ್ ಡಾರ್ಸಿ! ಬನ್ನಿ ಬನ್ನಿ, ಲುಂಪಿಯಾ ಖಾಲಿಯಾಗೋ ಮೊದಲೇ ಬನ್ನಿ!"

ಕರೆದವಳು ಸಣ್ಣ ಮೈಕಟ್ಟಿನ, ಬೆಳ್ಳಿಕೂದಲ ಹೆಂಗಸು. ಕೆಂಪು ಹೆಲ್ಮೆಟ್, ಎರಡೂ ಮೊಣಕೈಗೆ ಕವಚ. ಇಷ್ಟಗಲ ತಟ್ಟೆಯಲ್ಲಿ ಕರಿದ ಸುರುಳಿಗಳನ್ನು ಹಿಡಿದು ಎಲ್ಲರಿಗೂ ಬಲವಂತ ಮಾಡುತ್ತಿದ್ದಳು.

"ಇವಳು ಕೊರಾಝೋನ್ ಡುಮ್ಲಾವ್," ಡಾರ್ಸಿ ಹೆಮ್ಮೆಯಿಂದ ಪರಿಚಯಿಸಿದ. "ಶಾಲೆಯಲ್ಲಿ ನರ್ಸ್ ಆಗಿದ್ದವಳು. ಇಲ್ಲಿರೋ ಅರ್ಧ ಜನಕ್ಕೆ ಬೀಳೋದು ಹೇಗೆ ಅಂತ ಕಲಿಸಿದವಳು. ಎಲ್ಲರೂ ತಿತಾ ಕೊರಾ ಅಂತಾರೆ, ಊರಿಗೆಲ್ಲ ಚಿಕ್ಕಮ್ಮ. ಬಟ್ಟಲು ಉಳಿಸಿ ಅಂತ ಮೂರು ಸಾವಿರ ಸಹಿ ಕೂಡಿಸಿದ್ದಾಳೆ. ಗುರುವಾರ ಪುರಸಭೆಯಲ್ಲಿ ನಮ್ಮೆಲ್ಲರ ಪರವಾಗಿ ಮಾತಾಡೋದೂ ಇವಳೇ."

"ಪತ್ತೇದಾರಿ ಮೇಡಂ ನೀವೇ ಅಲ್ವಾ? ಎಷ್ಟು ಸಣ್ಣ ಆಗಿದ್ದೀರಿ, ಎರಡು ತಗೊಳ್ಳಿ," ಎಂದು ತಿತಾ ಕೊರಾ ಇನೆಸ್‌ಳ ಅಂಗೈಗೆ ಮೂರು ಸುರುಳಿ ಇಟ್ಟು, ತಟ್ಟೆಯನ್ನು ಡಾರ್ಸಿಗೆ ಕೊಟ್ಟು, ಬೋರ್ಡು ಎತ್ತಿಕೊಂಡು ಆಳದ ಬದಿಗೆ ನಡೆದಳು. ಜನ ದಾರಿ ಬಿಟ್ಟರು. "ತಿ-ತಾ! ತಿ-ತಾ!" ಎಂಬ ಕೂಗೆದ್ದಿತು.

ಅರವತ್ತಾರು ವರ್ಷದ ಆ ಹೆಂಗಸು ಅಂಚಿನಿಂದ ಕೆಳಗಿಳಿದ ಪರಿ ನೋಡಿ ಇನೆಸ್ ಬಾಯಲ್ಲಿದ್ದುದನ್ನು ಅಗಿಯುವುದೇ ಮರೆತಳು. ಮೊಣಕಾಲು ಬಾಗಿಸಿ, ತೋಳು ಚಾಚಿ, ಈ ಗೋಡೆಯಿಂದ ಆ ಗೋಡೆಗೆ ತೂಗಿ, ನೀಲಿ ಬಿಲ್ಲೆಗಳ ಮೇಲೆ ಕಟಕಟಕಟ ಎನಿಸಿ, ಮೇಲೆ ಬಂದು ನಿಂತಳು. ನ್ಯಾಯಾಧೀಶ ಸಿಳ್ಳೆ ಹೊಡೆದ. ಡಾರ್ಸಿ ತಟ್ಟೆಯನ್ನೇ ತಮಟೆ ಮಾಡಿಕೊಂಡ.

ಕೆಲಸ ನೆನಪಾಗಿ ಇನೆಸ್ ಒಂದು ಕಂಬದ ಮರೆಗೆ ಸರಿದಳು. ಇನ್ನೂರು ಜನದಲ್ಲಿ ಯಾರು? ಬೆಂಚಿನ ಮೇಲೆ ಒಂಟಿಯಾಗಿ ಕೂತ ಆ ಕಪ್ಪು ಕನ್ನಡಕದವಳೇ? ಗೇಟಿನ ಬಳಿ ಕಾರಿನಲ್ಲೇ ಕೂತವಳೇ? ಇಬ್ಬರ ಮೇಲೂ ಒಂದು ಕಣ್ಣಿಟ್ಟು ಅವಳು ಅದೇ ಸಂಖ್ಯೆಗೆ ಮತ್ತೆ ಕರೆ ಮಾಡಿದಳು.

ಕಪ್ಪು ಕನ್ನಡಕದವಳು ಅಲ್ಲಾಡಲಿಲ್ಲ. ಕಾರಿನವಳು ಆಕಳಿಸಿದಳು.

ಕಂಬದಿಂದ ನಾಲ್ಕೇ ಹೆಜ್ಜೆ ಆಚೆ, ಬಟ್ಟಲಿನ ಅಂಚಿನಲ್ಲಿ ತಿತಾ ಕೊರಾ ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ಸೊಂಟದ ಚೀಲದಿಂದ ಫೋನು ತೆಗೆದಳು. ಪರದೆ ನೋಡಿದಳು. ಜನರತ್ತ ಬೆನ್ನು ತಿರುಗಿಸಿದಳು.

"ಸನ್‌ಡೌನ್ ಬೋರ್ಡ್ಸ್, ಹೇಳಿ?"

ಆ ಮಾತು ಇನೆಸ್‌ಗೆ ಎರಡು ಸಲ ಕೇಳಿಸಿತು. ಒಮ್ಮೆ ಕಿವಿಗೊತ್ತಿದ ಮೊಬೈಲಿನಲ್ಲಿ, ಒಮ್ಮೆ ಗಾಳಿಯಲ್ಲಿ. ಬಟ್ಟಲು ಉಳಿಸಿ ಎಂದು ಮೂರು ಸಾವಿರ ಸಹಿ ಕೂಡಿಸಿದವಳೇ, ವರ್ಷವರ್ಷ ಅಂಕಿ ಏರಿಸಿ, ಈ ವರ್ಷ ಒಮ್ಮೆಗೇ ಬೀಳಿಸಿ, ಅದಕ್ಕೆ ಮಣ್ಣು ತುಂಬಲು ಪುರಸಭೆಗೆ ಆಧಾರ ಒದಗಿಸಿದ್ದಳು.